ಉಕ್ಕಿನ ಮನುಷ್ಯನ ತವರಿನಲ್ಲಿ

ಕ್ಲೀವ್‌ಲ್ಯಾಂಡ್ ಉಕ್ಕಿನ ಊರು. ಅಮೆರಿಕದ ಒಹಾಯೊ ರಾಜ್ಯದ ಉತ್ತರದ ಅಂಚಿನಲ್ಲಿ, ದಂಡೆಯಲ್ಲಿ ನಿಂತವರಿಗೆ ಸಮುದ್ರವೇ ಇರಬೇಕೆಂಬ ಭ್ರಮೆ ಹುಟ್ಟಿಸುವ ಈರಿ ಸರೋವರದ ಪಕ್ಕದಲ್ಲಿ ಈ ನಗರ ಹಬ್ಬಿಕೊಂಡಿದೆ. ಊರ ನಡುವೆ ಹರಿಯುವ ಕುಯಹೋಗಾ ನದಿಯ ಎರಡೂ ಕಡೆ ಒಂದು ಕಾಲಕ್ಕೆ ಕುಲುಮೆಗಳು ಹಗಲು ರಾತ್ರಿ ಉರಿಯುತ್ತಿದ್ದವು. ಕಾರ್ಖಾನೆಗಳ ಎಣ್ಣೆ, ಕೊಳೆಯೆಲ್ಲ ಸೇರಿ 1969ರಲ್ಲಿ ನದಿಗೇ ಬೆಂಕಿ ಹತ್ತಿತು. ಆ ಸುದ್ದಿಯಿಂದ ಕ್ಲೀವ್‌ಲ್ಯಾಂಡ್ ದೇಶದ ಬಾಯಲ್ಲಿ ನಗೆಪಾಟಲಿಗೆ ಈಡಾದದ್ದೂ ಉಂಟು. ಈಗ ನದಿ ಎಷ್ಟೋ ತಿಳಿಯಾಗಿದೆ. ನಗರದ ನಡುವಿನ ಟರ್ಮಿನಲ್ ಟವರ್ ಮಾತ್ರ 1930ರಲ್ಲಿ ಕಟ್ಟಿದಾಗ ಹೇಗಿತ್ತೋ ಹಾಗೆಯೇ, ತನ್ನ 52 ಅಂತಸ್ತುಗಳನ್ನು ಹೊತ್ತು ನಿಂತಿದೆ.

ವಿಮಾನ ನಿಲ್ದಾಣದಲ್ಲಿ ಇಳಿದವರನ್ನು ಎದುರುಗೊಳ್ಳುವವನು ಈ ಊರಿನ ಯಾವ ಮೇಯರೂ ಅಲ್ಲ, ಉದ್ಯಮಿಯೂ ಅಲ್ಲ. ನೀಲಿ ಅಂಗಿ, ಕೆಂಪು ಮೇಲುಹೊದಿಕೆ, ಎದೆಯ ಮೇಲೆ ಒಂದು ಅಕ್ಷರ. 2012ರಲ್ಲಿ ಅಲ್ಲಿ ಸೂಪರ್‌ಮ್ಯಾನ್‌ನ ಮೂರ್ತಿಯನ್ನಿಟ್ಟು ಒಂದು ಪುಟ್ಟ ಪ್ರದರ್ಶನ ಏರ್ಪಡಿಸಲಾಯಿತು. ನೋಡಿದವರಿಗೆ ಅಚ್ಚರಿಯಾಗುವುದು ಸಹಜ. ಕಾಮಿಕ್ಸ್ ಓದಿ, ಟಿ.ವಿ. ನೋಡಿ ಬೆಳೆದ ಮಕ್ಕಳನ್ನು ಕೇಳಿದರೆ ಆತ ಹುಟ್ಟಿದ್ದು ಕ್ರಿಪ್ಟಾನ್ ಎಂಬ ಗ್ರಹದಲ್ಲಿ, ಬೆಳೆದದ್ದು ಒಂದು ಹಳ್ಳಿಯಲ್ಲಿ, ಕೆಲಸ ಮಾಡಿದ್ದು ಮೆಟ್ರೊಪೊಲಿಸ್ ನಗರದ ಪತ್ರಿಕಾ ಕಚೇರಿಯಲ್ಲಿ ಎಂದು ಪಟಪಟನೆ ಹೇಳಿಬಿಡುತ್ತಾರೆ. ಕ್ಲೀವ್‌ಲ್ಯಾಂಡಿನ ಹೆಸರು ಆ ಪಟ್ಟಿಯಲ್ಲಿ ಇರುವುದೇ ಇಲ್ಲ. ಆದರೆ ಆತ ನಿಜಕ್ಕೂ ಹುಟ್ಟಿದ್ದು ಇಲ್ಲಿ, ಗ್ಲೆನ್‌ವಿಲ್ ಎಂಬ ಬಡಾವಣೆಯ ಒಂದು ಮನೆಯ ಅಟ್ಟದ ಕೋಣೆಯಲ್ಲಿ.

ಮರದ ಮನೆ, ಲೋಹದ ಬೇಲಿ

ನಗರದ ನಡುವಿನಿಂದ ಈಶಾನ್ಯಕ್ಕೆ ಎಂಟೊಂಬತ್ತು ಕಿಲೋಮೀಟರ್ ಹೋದರೆ ಗ್ಲೆನ್‌ವಿಲ್ ಸಿಗುತ್ತದೆ. ಸೇಂಟ್ ಕ್ಲೇರ್ ಅವೆನ್ಯೂ ಮತ್ತು ಪೂರ್ವ 105ನೇ ಬೀದಿ ಕೂಡುವ ಮೂಲೆಯಲ್ಲಿ ಒಹಾಯೊ ರಾಜ್ಯದ ಸ್ಮಾರಕ ಫಲಕವೊಂದಿದೆ. 1930ರ ದಶಕದಲ್ಲಿ ಇದು ಯೂರೋಪಿನಿಂದ ಬಂದ ಯೆಹೂದಿ ಕುಟುಂಬಗಳ ಬಡಾವಣೆ. ಇಂದು ಇಲ್ಲಿ ವಾಸವಾಗಿರುವವರು ಹೆಚ್ಚಾಗಿ ಆಫ್ರಿಕನ್ ಅಮೆರಿಕನ್ನರು. ಕಾರ್ಖಾನೆಗಳು ಮುಚ್ಚಿದ ಮೇಲೆ ಬಡತನ ಈ ಬೀದಿಗಳಲ್ಲಿ ತಳವೂರಿತು. ಪಾಳುಬಿದ್ದ ಮನೆಗಳು, ಖಾಲಿ ನಿವೇಶನಗಳು ಅಲ್ಲಲ್ಲಿ ಕಣ್ಣಿಗೆ ಬೀಳುತ್ತವೆ.

ಕಿಂಬರ್ಲಿ ಅವೆನ್ಯೂದಲ್ಲಿ ಒಂದು ಮರದ ಮನೆ. ಅದರ ಬೇಲಿಯ ಮೇಲೆ ಪರಿಚಿತ ಲಾಂಛನ. ಪಕ್ಕದಲ್ಲಿ ಈ ಮನೆಯ ಮಹತ್ವವನ್ನು ತಿಳಿಸುವ ಫಲಕ. ಜೆರ್ರಿ ಸೀಗಲ್ ಎಂಬ ಹುಡುಗ ಬೆಳೆದದ್ದು ಇಲ್ಲಿ. ಮನೆ ಮಳೆಗಾಳಿಗೆ ಸಿಕ್ಕಿ ಹಾಳಾಗುತ್ತಿದ್ದಾಗ ಬರಹಗಾರ ಬ್ರಾಡ್ ಮೆಲ್ಟ್ಜರ್ ಮತ್ತು ಊರಿನ ಅಭಿಮಾನಿಗಳು ಸೇರಿ ಹರಾಜಿನ ಮೂಲಕ ಒಂದು ಲಕ್ಷ ಡಾಲರಿಗೂ ಹೆಚ್ಚು ಹಣ ಕೂಡಿಸಿದರು. 2009ರಲ್ಲಿ ಮನೆಯ ದುರಸ್ತಿ ಮುಗಿಯಿತು. ಇದು ವಸ್ತುಸಂಗ್ರಹಾಲಯವಲ್ಲ, ಸಂಸಾರ ನಡೆಯುತ್ತಿರುವ ಖಾಸಗಿ ಮನೆ. ಹಾಗಾಗಿ ಬಂದವರು ಬೀದಿಯಲ್ಲೇ ನಿಂತು, ಫೋಟೊ ತೆಗೆದುಕೊಂಡು, ಮುಂದೆ ನಡೆಯುವುದು ಸಭ್ಯತೆ.

ಮುಂದೆ ಎಂದರೆ ಆಮೋರ್ ಅವೆನ್ಯೂಗೆ. ಅಲ್ಲಿ ಜೆರ್ರಿಯ ಗೆಳೆಯ ಜೋ ಶುಸ್ಟರ್ ವಾಸವಾಗಿದ್ದ. ಅವನ ಕುಟುಂಬ ಬಾಡಿಗೆಗಿದ್ದ ಕಟ್ಟಡ ಈಗ ಉಳಿದಿಲ್ಲ. ಆ ಜಾಗದ ಬೇಲಿಗೆ ಮಾತ್ರ ದೊಡ್ಡ ದೊಡ್ಡ ಲೋಹದ ಹಲಗೆಗಳನ್ನು ಹೊಡೆದು, ಸೂಪರ್‌ಮ್ಯಾನ್‌ನ ಮೊಟ್ಟಮೊದಲ ಕಥೆಯ ಪುಟಗಳನ್ನು ಅವುಗಳ ಮೇಲೆ ಮೂಡಿಸಿದ್ದಾರೆ. ನಡೆಯುತ್ತ ನಡೆಯುತ್ತ ಕಥೆ ಓದಿ ಮುಗಿಸಬಹುದು. ಬೀದಿಗಳಿಗೂ ಗೌರವದ ಎರಡನೆಯ ಹೆಸರು ಬಂದಿದೆ. ಕಿಂಬರ್ಲಿ ಈಗ ಜೆರ್ರಿ ಸೀಗಲ್ ಲೇನ್, ಆಮೋರ್ ಈಗ ಜೋ ಶುಸ್ಟರ್ ಲೇನ್. ಸಮೀಪದ ಪಾರ್ಕ್‌ವುಡ್ ಡ್ರೈವ್‌ಗೆ ಕಥೆಯ ನಾಯಕಿಯ ಹೆಸರೇ ಸಿಕ್ಕಿದೆ: ಲೋಯಿಸ್ ಲೇನ್!

ಮೊದಲು ಬಂದವನು ಖಳನಾಯಕ

ಇಬ್ಬರೂ ಹುಟ್ಟಿದ್ದು 1914ರಲ್ಲಿ. ಜೆರ್ರಿ ಇದೇ ಊರಿನವನು. ಜೋ ಹುಟ್ಟಿದ್ದು ಕೆನಡಾದ ಟೊರೊಂಟೊದಲ್ಲಿ. ಹತ್ತು ವರ್ಷದವನಿದ್ದಾಗ ಕುಟುಂಬದೊಂದಿಗೆ ಇಲ್ಲಿಗೆ ಬಂದ. ಗ್ಲೆನ್‌ವಿಲ್ ಹೈಸ್ಕೂಲಿನಲ್ಲಿ ಸೇರಿದ ಇವರಿಬ್ಬರೂ ಆಟದಲ್ಲಿ ಮುಂದಿದ್ದವರಲ್ಲ, ಪಾಠದಲ್ಲೂ ಮುಂದಿದ್ದವರಲ್ಲ. ಕನ್ನಡಕ ಹಾಕಿಕೊಂಡ, ಮಾತು ಕಡಿಮೆಯ, ಹುಡುಗಿಯರ ಮುಂದೆ ತಡವರಿಸುವ ಹುಡುಗರು. ಜೆರ್ರಿ ಶಾಲೆಯ ‘ಟಾರ್ಚ್’ ಪತ್ರಿಕೆಗೆ ಬರೆಯುತ್ತಿದ್ದ, ಜೋ ಚಿತ್ರ ಬಿಡಿಸುತ್ತಿದ್ದ. ಇಬ್ಬರಿಗೂ ವಿಜ್ಞಾನದ ಕಟ್ಟುಕಥೆಗಳ ಹುಚ್ಚು.

1932ರ ಜೂನ್‌ನಲ್ಲಿ ಜೆರ್ರಿಯ ಮನೆಗೆ ಸಿಡಿಲೆರಗಿತು. ಲಿಥುವೇನಿಯಾದಿಂದ ವಲಸೆ ಬಂದು ಹಳೆಯ ಬಟ್ಟೆಯ ಅಂಗಡಿ ನಡೆಸುತ್ತಿದ್ದ ತಂದೆ, ಕಳ್ಳರು ಅಂಗಡಿಗೆ ನುಗ್ಗಿದ ಹೊತ್ತಿನಲ್ಲಿ ಕುಸಿದು ಬಿದ್ದು ಹೃದಯಾಘಾತದಿಂದ ತೀರಿಕೊಂಡರು. ಹುಡುಗನಿಗೆ ಆಗ 17 ವರ್ಷ. ದುರ್ಬಲರನ್ನು ಕಳ್ಳಕಾಕರಿಂದ ಕಾಪಾಡುವ, ಗುಂಡು ತಗುಲಿದರೂ ಜಗ್ಗದ ಒಬ್ಬ ನಾಯಕನನ್ನು ಅವನು ಮುಂದೆ ಸೃಷ್ಟಿಸಿದ್ದಕ್ಕೂ ಈ ಸಾವಿಗೂ ನಂಟಿದೆ ಎಂದು ನಂತರದ ಬರಹಗಾರರು ಊಹಿಸಿದ್ದಾರೆ.

ಆದರೆ ಮೊದಲು ಬಂದವನು ಆ ನಾಯಕನಲ್ಲ. 1933ರ ಜನವರಿಯಲ್ಲಿ ಗೆಳೆಯರಿಬ್ಬರೂ ತಾವೇ ಸೈಕ್ಲೋಸ್ಟೈಲ್ ಮಾಡಿ ಹೊರಡಿಸುತ್ತಿದ್ದ ಪುಟ್ಟ ಪತ್ರಿಕೆಯಲ್ಲಿ ಒಂದು ಕಥೆ ಅಚ್ಚಾಯಿತು. ‘ಸೂಪರ್‌ಮ್ಯಾನ್‌ನ ಆಳ್ವಿಕೆ’ ಎಂಬುದು ಅದರ ಹೆಸರಿನ ಅರ್ಥ. ಅದು ಮಹಾ ಆರ್ಥಿಕ ಕುಸಿತದ ಕಾಲ. ಉಚಿತ ರೊಟ್ಟಿಗಾಗಿ ಸಾಲಿನಲ್ಲಿ ನಿಂತ ಒಬ್ಬ ಹಸಿದ ನಿರ್ಗತಿಕನನ್ನು ವಿಜ್ಞಾನಿಯೊಬ್ಬ ಮನೆಗೆ ಕರೆದೊಯ್ದು, ಉಲ್ಕೆಯಿಂದ ತೆಗೆದ ಔಷಧಿಯೊಂದನ್ನು ಅವನಿಗೆ ತಿಳಿಸದೆ ಕುಡಿಸುತ್ತಾನೆ. ನಿರ್ಗತಿಕನಿಗೆ ಇತರರ ಮನಸ್ಸನ್ನು ಓದುವ, ಆಳುವ ಶಕ್ತಿ ಬರುತ್ತದೆ. ಬಂದ ಕೂಡಲೇ ಅವನು ಮಾಡುವ ಕೆಲಸಗಳಲ್ಲಿ ಒಂದು ಆ ವಿಜ್ಞಾನಿಯನ್ನೇ ಕೊಲ್ಲುವುದು. ಇನ್ನೇನು ಲೋಕವನ್ನೇ ಆಳಬೇಕು ಎನ್ನುವಷ್ಟರಲ್ಲಿ ಔಷಧಿಯ ಬಲ ಇಳಿಯುತ್ತದೆ. ಅವನು ಮತ್ತೆ ಅದೇ ರೊಟ್ಟಿಯ ಸಾಲಿಗೆ ಮರಳಬೇಕಾಗುತ್ತದೆ.

ಭಸ್ಮಾಸುರನ ಕಥೆ ಕೇಳಿ ಬೆಳೆದ ಕನ್ನಡದ ಮಕ್ಕಳಿಗೆ ಇದು ಹೊಸದೆನಿಸದು. ವರ ಕೊಟ್ಟವನ ತಲೆಯ ಮೇಲೇ ಕೈಯಿಡಲು ಹೊರಟವನ ಕಥೆ ತಾನೆ! ಆದರೆ ಈ ಬಡಾವಣೆಯ ಕಥೆಯಲ್ಲಿ ಮುಂದಿನ ಹೆಜ್ಜೆಯೇ ಮುಖ್ಯ. ಹುಡುಗರು ಆ ಹೆಸರನ್ನು ಬಿಸಾಡಲಿಲ್ಲ. ಮರುವರ್ಷದ ಬೇಸಿಗೆಯ ಒಂದು ರಾತ್ರಿ ಜೆರ್ರಿಗೆ ನಿದ್ರೆ ಬರಲಿಲ್ಲ. ಅದೇ ಹೆಸರು, ಅಂಥದೇ ಅಪಾರ ಶಕ್ತಿ. ಆದರೆ ಅದನ್ನು ತನಗಾಗಿ ಬಳಸದವನು. ಕನ್ನಡಕ ಹಾಕಿಕೊಂಡು, ಅಂಜುಬುರುಕನ ಸೋಗಿನಲ್ಲಿ ಎಲ್ಲರ ನಡುವೆ ಓಡಾಡುವವನು. ಬೆಳಗಾಗುತ್ತಿದ್ದಂತೆ ಜೆರ್ರಿ ಬರೆದದ್ದನ್ನೆಲ್ಲ ಹಿಡಿದು ಕಿಂಬರ್ಲಿಯಿಂದ ಆಮೋರ್‌ಗೆ ಓಡಿದ. ಜೋ ಅಂದು ಇಡೀ ದಿನ ಕುಳಿತು ಚಿತ್ರ ಬಿಡಿಸಿದ.

ಇಂದಿನ ಪ್ರವಾಸಿಗ ನಡೆಯುವುದೂ ಅದೇ ದಾರಿಯಲ್ಲಿ. ಒಂದೇ ಶಕ್ತಿ ಒಂದು ಕಥೆಯಲ್ಲಿ ಖಳನನ್ನೂ ಇನ್ನೊಂದರಲ್ಲಿ ನಾಯಕನನ್ನೂ ಹುಟ್ಟಿಸಿತು. ಎರಡರ ನಡುವಿನ ಅಂತರವೆಂದರೆ, ಶಕ್ತಿ ಯಾರಿಗಾಗಿ ಎಂಬ ಒಂದೇ ಪ್ರಶ್ನೆ. ಮುಂದೆ ಬಂದ ಅತಿಮಾನವರ ಕಥೆಗಳೆಲ್ಲ ಸುತ್ತಿ ಸುತ್ತಿ ಬಂದು ನಿಲ್ಲುವುದು ಈ ಪ್ರಶ್ನೆಯ ಮುಂದೆಯೇ.

ನೂರಮೂವತ್ತು ಡಾಲರ್

ಜೋನ ಮನೆಯಲ್ಲಿ ಬಡತನವೆಂದರೆ ಬಡತನ. ಚಿತ್ರದ ಕಾಗದಕ್ಕೆ ಕಾಸಿಲ್ಲದೆ ಗೋಡೆಗೆ ಅಂಟಿಸುವ ಕಾಗದದ ಬೆನ್ನಿನ ಮೇಲೆ, ಕಟುಕನ ಅಂಗಡಿಯ ಪೊಟ್ಟಣದ ಕಾಗದದ ಮೇಲೆ ಬಿಡಿಸುತ್ತಿದ್ದ. ಅಮ್ಮ ರೊಟ್ಟಿಯ ಹಿಟ್ಟು ನಾದುತ್ತಿದ್ದ ಹಲಗೆಯೇ ಚಿತ್ರದ ಹಲಗೆ. ಚಳಿಗಾಲದಲ್ಲಿ ಮನೆಗೆ ಬಿಸಿಯಿಲ್ಲದೆ ಕೈಗವಸು ತೊಟ್ಟೇ ಗೆರೆ ಎಳೆಯುತ್ತಿದ್ದನಂತೆ. ದೃಷ್ಟಿ ಬೇರೆ ಮಂದ. ನಾಯಕಿಯ ಚಿತ್ರಕ್ಕೆ ಮಾದರಿಯಾಗಿ ನಿಲ್ಲಲು ಬಂದವಳು ಕ್ಲೀವ್‌ಲ್ಯಾಂಡಿನದೇ ಹುಡುಗಿ. ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ಕೆಲಸ ಹುಡುಕುತ್ತಿದ್ದ ಆ ಹುಡುಗಿ ಜೋಆನ್, ಮುಂದೆ 1948ರಲ್ಲಿ ಜೆರ್ರಿಯನ್ನೇ ಮದುವೆಯಾದಳು.

ಪ್ರಕಾಶಕರು ಒಬ್ಬರಾದ ಮೇಲೊಬ್ಬರು ಕಥೆಯನ್ನು ಹಿಂದಿರುಗಿಸಿದರು. ಕೊನೆಗೆ 1938ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಒಂದು ಕಂಪನಿ ಅದನ್ನು ಕೊಂಡಿತು. ಪುಟಕ್ಕೆ 10 ಡಾಲರಿನಂತೆ 13 ಪುಟಕ್ಕೆ 130 ಡಾಲರ್. ಆ ಹಣಕ್ಕೆ ಕಂಪನಿ ಕೊಂಡದ್ದು 13 ಪುಟವನ್ನಷ್ಟೇ ಅಲ್ಲ, ಸೂಪರ್‌ಮ್ಯಾನ್‌ನ ಸಮಸ್ತ ಹಕ್ಕುಗಳನ್ನು. ಬೇರೆ ಕೆಲಸಗಳ ಬಾಕಿಯೂ ಸೇರಿದ 412 ಡಾಲರಿನ ಚೆಕ್‌ನಲ್ಲಿ ಗೆಳೆಯರ ಹೆಸರುಗಳ ಕಾಗುಣಿತವೂ ತಪ್ಪಾಗಿತ್ತು. ಹಣ ಪಡೆಯಲು ಅವರು ತಪ್ಪು ಕಾಗುಣಿತದಲ್ಲಿ ಒಮ್ಮೆ, ಸರಿಯಾಗಿ ಇನ್ನೊಮ್ಮೆ ಸಹಿ ಹಾಕಬೇಕಾಯಿತು. ಅದೇ ಚೆಕ್ಕಿನ ಹಾಳೆ 2012ರಲ್ಲಿ 1,60,000 ಡಾಲರಿಗೆ ಹರಾಜಾಯಿತು. ಹತ್ತು ಸೆಂಟಿಗೆ ಮಾರಾಟವಾಗಿದ್ದ ಆ ಮೊದಲ ಪುಸ್ತಕದ ಒಂದು ಪ್ರತಿ 2024ರಲ್ಲಿ 60 ಲಕ್ಷ ಡಾಲರಿಗೆ ಹೋಯಿತು.

ಮೊದಮೊದಲ ಕಥೆಗಳಲ್ಲಿ ಖಳರೆಂದರೆ ಕೊಂಬು ಕೋರೆಯವರಲ್ಲ. ಹೆಂಡತಿಯನ್ನು ಹೊಡೆಯುವ ಗಂಡ, ಲಂಚಕ್ಕೆ ಬಾಗಿದ ರಾಜಕಾರಣಿ, ಯುದ್ಧ ನಡೆದರೆ ಲಾಭವೆಂದು ಕಾಯುವ ಮದ್ದುಗುಂಡಿನ ವ್ಯಾಪಾರಿ, ಕೂಲಿಗಳ ಪ್ರಾಣಕ್ಕೆ ಬೆಲೆ ಕೊಡದ ಗಣಿಯ ಮಾಲೀಕ. ಆರ್ಥಿಕ ಕುಸಿತದ ಕಾಲದ ಹುಡುಗರಿಗೆ ಬೀದಿಯಲ್ಲಿ ಕಂಡ ಕೆಡುಕೇ ಕಥೆಯ ಕೆಡುಕು. ಆದರೆ ಬೆಟ್ಟದಂಥ ಬಲದವನಿಗೆ ಇವರೆಲ್ಲ ಎಷ್ಟು ಹೊತ್ತಿನ ಎದುರಾಳಿಗಳು? ಓದುಗನಿಗೆ ಆತಂಕವೇ ಹುಟ್ಟದಿದ್ದರೆ ಕಥೆ ಸಾಗುವುದಾದರೂ ಹೇಗೆ? ಹಾಗಾಗಿ ತೋಳಿನ ಬಲಕ್ಕೆ ಎದುರಾಗಿ ತಲೆಯ ಬಲದವನು ಬೇಕಾಯಿತು. 1940ರಲ್ಲಿ ಲೂಥರ್ ಎಂಬ ವಿಜ್ಞಾನಿ ಬಂದ. ಬಂದಾಗ ಅವನಿಗೆ ತಲೆತುಂಬ ಕೆಂಗೂದಲು; ಮರುವರ್ಷ ಬೋಳುತಲೆಯವನಾದ. 1933ರ ಕಥೆಗೆ ಜೋ ಬಿಡಿಸಿದ್ದ ಖಳನ ತಲೆಯೂ ಬೋಳೇ! ಮೊದಲು ಹುಟ್ಟಿ ಬದಿಗೆ ಸರಿದಿದ್ದವನು ಹೀಗೆ ವೈರಿಯಾಗಿ ಹಿಂದಿರುಗಿದಂತಾಯಿತು.

1941ರಲ್ಲಿ ಫ್ಲೈಷರ್ ಸ್ಟುಡಿಯೋದವರು ಸೂಪರ್‌ಮ್ಯಾನ್‌ನನ್ನು ಕಾರ್ಟೂನ್ ಚಿತ್ರವಾಗಿ ತೆರೆಗೆ ತಂದರು. ಪುಸ್ತಕದಲ್ಲಿ ಅವನು ಹಾರುತ್ತಿರಲಿಲ್ಲ, ಮೈಲಿಯ ಎಂಟನೇ ಒಂದು ಭಾಗದಷ್ಟು ದೂರ ಜಿಗಿಯುತ್ತಿದ್ದ ಅಷ್ಟೆ. ಚಲಿಸುವ ಚಿತ್ರದಲ್ಲಿ ಈ ಕುಪ್ಪಳಿಕೆ ಕಣ್ಣಿಗೆ ಅಂದವಾಗಿ ಕಾಣಲಿಲ್ಲ. ಕಲಾವಿದರು ಅವನನ್ನು ಆಕಾಶಕ್ಕೆ ಹಾರಿಸಿಬಿಟ್ಟರು. 1943ರವರೆಗೆ ಬಂದ 17 ಕಿರುಚಿತ್ರಗಳಲ್ಲಿ ಮೊದಲನೆಯದು ಆಸ್ಕರ್ ಸ್ಪರ್ಧೆಗೂ ಆಯ್ಕೆಯಾಯಿತು.

ನಾಯಕ ಹಾರಿದ. ಅವನನ್ನು ಸೃಷ್ಟಿಸಿದವರು ನೆಲಕ್ಕಿಳಿದರು. ಕೆಲವು ವರ್ಷ ಒಳ್ಳೆಯ ಸಂಬಳವೇನೋ ಬಂತು. 1947ರಲ್ಲಿ ಹಕ್ಕಿಗಾಗಿ ನ್ಯಾಯಾಲಯಕ್ಕೆ ಹೋದರು. ಮರುವರ್ಷ ಒಂದಿಷ್ಟು ಹಣಕ್ಕೆ ರಾಜಿಯಾಯಿತು. ಆದರೆ ಕೆಲಸವೂ ಹೋಯಿತು, ಪುಸ್ತಕದ ಮೇಲಿನ ಹೆಸರೂ ಹೋಯಿತು. ಜೋನ ಕಣ್ಣು ಕುರುಡಾಗುತ್ತ ಬಂತು. ಜೆರ್ರಿ ಲಾಸ್ ಏಂಜಲೀಸ್‌ನಲ್ಲಿ ಸರ್ಕಾರಿ ಕಚೇರಿಯೊಂದರ ಟೈಪಿಸ್ಟ್ ಗುಮಾಸ್ತನಾದ. 1975ರಲ್ಲಿ ಸೂಪರ್‌ಮ್ಯಾನ್ ಸಿನಿಮಾಕ್ಕೆ ಭಾರಿ ಸಿದ್ಧತೆ ನಡೆದಿದೆ ಎಂದು ಕೇಳಿ, 61ರ ವಯಸ್ಸಿನ ಜೆರ್ರಿ ತನ್ನ ಕಥೆಯನ್ನು ಬರೆದು ಪತ್ರಿಕೆಗಳಿಗೆ ಕಳಿಸಿದ. ವ್ಯಂಗ್ಯಚಿತ್ರಕಾರರ ಸಂಘ ಬೆನ್ನಿಗೆ ನಿಂತಿತು. ನೀಲ್ ಆಡಮ್ಸ್, ಜೆರ್ರಿ ರಾಬಿನ್ಸನ್ ಎಂಬ ಕಲಾವಿದರು ಊರೂರಿನ ಪತ್ರಿಕೆ, ಟಿ.ವಿ.ಗಳ ಮುಂದೆ ಅವರ ಪರ ವಾದಿಸಿದರು. ಆ ಡಿಸೆಂಬರ್‌ನಲ್ಲಿ ಕಂಪನಿ ಇಬ್ಬರಿಗೂ ವರ್ಷಕ್ಕೆ 20,000 ಡಾಲರ್ ಜೀವನಾಂಶ ಕೊಡಲು ಒಪ್ಪಿತು. ಇವರು ಸೃಷ್ಟಿಸಿದ್ದು ಎಂಬ ಸಾಲನ್ನು ಪ್ರತಿ ಕಥೆಯ ಮೇಲೂ ಹಾಕಲು ಒಪ್ಪಿತು. 1978ರಲ್ಲಿ ಸಿನಿಮಾ ಬಂದಾಗ ತೆರೆಯ ಮೇಲೆ ಆ ಹೆಸರುಗಳಿದ್ದವು.

ಗುಂಡಿಗೂ ಬಗ್ಗದ ನಾಯಕನನ್ನು ಕಲ್ಪಿಸಿದವರು ಒಂದು ಕಾಗದಕ್ಕೆ ಸೋತರು. ಹೆಸರನ್ನು ಮರಳಿ ತಂದುಕೊಟ್ಟದ್ದು ಸಹೋದ್ಯೋಗಿಗಳ ಒಗ್ಗಟ್ಟು.

ಕೊಲಂಬಸ್: ಪಾಲಕರ ಭಯದ ದಾಖಲೆ

ಕ್ಲೀವ್‌ಲ್ಯಾಂಡಿನಿಂದ ನೈಋತ್ಯಕ್ಕೆ ಜೋಳ, ಸೋಯಾ ಬೆಳೆಯುವ ಬಯಲಿನ ನಡುವೆ ಎರಡೂವರೆ ಗಂಟೆ ಸಾಗಿದರೆ ರಾಜಧಾನಿ ಕೊಲಂಬಸ್. ಒಹಾಯೊ ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿರುವ ಮಕ್ಕಳನ್ನು ನೋಡಲು ಬರುವ ತಂದೆತಾಯಿಗಳು ಅದೇ ಆವರಣದಲ್ಲಿರುವ ಬಿಲ್ಲಿ ಐರ್ಲೆಂಡ್ ವ್ಯಂಗ್ಯಚಿತ್ರ ಗ್ರಂಥಾಲಯವನ್ನು ತಪ್ಪದೆ ನೋಡಬೇಕು. 1977ರಲ್ಲಿ ಒಬ್ಬ ಕಲಾವಿದನ ಸಂಗ್ರಹದೊಂದಿಗೆ ಆರಂಭವಾದ ಇಲ್ಲಿ ಈಗ ಮೂರು ಲಕ್ಷ ಮೂಲ ಚಿತ್ರಗಳಿವೆ. ಪತ್ರಿಕೆಗಳಿಂದ ಕತ್ತರಿಸಿಟ್ಟ ಚಿತ್ರಪಟ್ಟಿಗಳೇ 25 ಲಕ್ಷ. ಪ್ರವೇಶ ಉಚಿತ.

ಕಸವೆಂದು ಒಲೆಗೆ ಹಾಕುತ್ತಿದ್ದ ಕಾಗದಗಳಿಗೆ ಹೀಗೆ ರಾಜಮರ್ಯಾದೆ ದೊರೆತಿರುವುದನ್ನು ನೋಡುವಾಗ 1954 ನೆನಪಿಗೆ ಬರಬೇಕು. ‘ಮಕ್ಕಳು ಕೆಡುತ್ತಿರುವುದು ಕಾಮಿಕ್ಸ್‌ನಿಂದಲೇ’ ಎಂದು ಅಮೆರಿಕದ ಪಾಲಕರು ದಿಗಿಲುಬಿದ್ದ ಕಾಲ ಅದು. ಕೆಲವು ಊರುಗಳಲ್ಲಿ ಪುಸ್ತಕಗಳನ್ನು ರಾಶಿ ಹಾಕಿ ಸುಟ್ಟರು. ಫ್ರೆಡ್ರಿಕ್ ವರ್ಥಮ್ ಎಂಬ ಮನೋವೈದ್ಯ ಆ ವರ್ಷ ಬರೆದ ಪುಸ್ತಕ ಮನೆಮಾತಾಯಿತು. ಸೆನೆಟ್ ಸಮಿತಿ ವಿಚಾರಣೆ ನಡೆಸಿತು. ಪ್ರಕಾಶಕರು ಹೆದರಿ ತಾವೇ ಒಂದು ಕಟ್ಟುಪಾಡು ಮಾಡಿಕೊಂಡರು. ಎಲ್ಲ ಕಥೆಯಲ್ಲೂ ಒಳ್ಳೆಯದೇ ಗೆಲ್ಲಬೇಕು. ಅಪರಾಧಿಯ ಬಗ್ಗೆ ಓದುಗನಿಗೆ ಕನಿಕರ ಹುಟ್ಟಬಾರದು. ಅಧಿಕಾರಿಗಳನ್ನು ಹಗುರವಾಗಿ ತೋರಿಸಬಾರದು. ಜೆರ್ರಿಯ ಮೊದಲ ಕಥೆಗಳ ಲಂಚಕೋರ ರಾಜಕಾರಣಿ ಈ ಜರಡಿಯಲ್ಲಿ ಉಳಿಯುವುದು ಕಷ್ಟವಿತ್ತು. ಆ ಕಟ್ಟುಪಾಡು ಸಡಿಲವಾಗುತ್ತ ಬಂದು, 2011ರಲ್ಲಿ ಉಳಿದಿದ್ದ ಪ್ರಕಾಶಕರೂ ಅದನ್ನು ಕೈಬಿಟ್ಟರು.

ವರ್ಥಮ್‌ನನ್ನು ಈ ಕಥೆಯ ಖಳನಾಯಕ ಎಂದುಬಿಡುವುದು ಸುಲಭ. ಆದರೆ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಕರಿಯರ ಮಕ್ಕಳಿಗೆ ಯಾರೂ ಮನೋವೈದ್ಯ ಚಿಕಿತ್ಸೆ ಕೊಡದ ದಿನಗಳಲ್ಲಿ ಅತ್ಯಲ್ಪ ಶುಲ್ಕದ ಚಿಕಿತ್ಸಾಲಯ ತೆರೆದವನೂ ಅವನೇ. ಅವನ ಕಾಳಜಿ ನಿಜವಾದದ್ದು. ತಪ್ಪಿದ್ದು ಸಾಕ್ಷ್ಯದಲ್ಲಿ. ಅವನ ಕಾಗದಪತ್ರಗಳು ಸಾರ್ವಜನಿಕರಿಗೆ ತೆರೆದ ಮೇಲೆ ಅವನ್ನು ಪರಿಶೀಲಿಸಿದ ಕ್ಯಾರೊಲ್ ಟಿಲ್ಲಿ ಎಂಬ ಸಂಶೋಧಕಿ, ಮಕ್ಕಳು ಹೇಳಿದ ಮಾತುಗಳನ್ನು ಅವನು ಬದಲಿಸಿದ್ದ, ಬೆರೆಸಿದ್ದ, ಅನುಕೂಲಕ್ಕೆ ತಕ್ಕಂತೆ ಬಿಟ್ಟಿದ್ದ ಎಂದು 2012ರಲ್ಲಿ ತೋರಿಸಿಕೊಟ್ಟರು. ಒಳ್ಳೆಯ ಉದ್ದೇಶ ಎಂಬ ಮೇಲುಹೊದಿಕೆ ತೊಟ್ಟವರನ್ನೂ ಪ್ರಶ್ನಿಸಬೇಕೆಂಬ ಪಾಠ ಇಲ್ಲಿದೆ. ಮಗನ ಕೈಯಿಂದ ಕಾಮಿಕ್ಸ್ ಕಿತ್ತುಕೊಳ್ಳುವ ಅಪ್ಪ ಒಮ್ಮೆ ಅದನ್ನು ತಾನೂ ಓದಿ ನೋಡಿದರೆ ಅರ್ಧ ಜಗಳ ತೀರೀತು.

ಸಿನ್ಸಿನಾಟಿ: ನ್ಯಾಯದ ಸಭಾಂಗಣ

ಕೊಲಂಬಸ್‌ನಿಂದ ಅದೇ ಹೆದ್ದಾರಿಯಲ್ಲಿ ಇನ್ನೂ 170 ಕಿಲೋಮೀಟರ್ ಹೋದರೆ ಒಹಾಯೊ ನದಿಯ ದಂಡೆಯ ಸಿನ್ಸಿನಾಟಿ. ಇಲ್ಲಿನ ಯೂನಿಯನ್ ಟರ್ಮಿನಲ್ ರೈಲು ನಿಲ್ದಾಣದ ಎದುರಿನ ಉದ್ಯಾನದಲ್ಲಿ ನಿಂತು ತಲೆಯೆತ್ತಿದ ಎಷ್ಟೋ ಮಂದಿ ‘ಇದನ್ನು ಎಲ್ಲೋ ನೋಡಿದ್ದೇನಲ್ಲ!’ ಎಂದು ಉದ್ಗರಿಸುತ್ತಾರೆ. ಏಳುತ್ತಿರುವ ಸೂರ್ಯನಂಥ ಅರ್ಧ ಗುಮ್ಮಟ, ನಡುವೆ ದೊಡ್ಡ ಗಡಿಯಾರ, ಎರಡೂ ಕಡೆ ಚಾಚಿದ ರೆಕ್ಕೆಗಳು. ಅವರು ನೋಡಿದ್ದು ಟಿ.ವಿ.ಯಲ್ಲಿ. 1973ರಿಂದ ಪ್ರಸಾರವಾದ ‘ಸೂಪರ್ ಫ್ರೆಂಡ್ಸ್’ ಕಾರ್ಟೂನಿನಲ್ಲಿ ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್, ವಂಡರ್ ವುಮನ್ ಮೊದಲಾದವರು ಸಭೆ ಸೇರುತ್ತಿದ್ದ ‘ನ್ಯಾಯದ ಸಭಾಂಗಣ’ಕ್ಕೆ ಮಾದರಿ ಈ ಕಟ್ಟಡ. ಕಾರ್ಟೂನ್ ತಯಾರಿಸಿದ ಹ್ಯಾನಾ-ಬಾರ್ಬೆರಾ ಸಂಸ್ಥೆ ಆಗ ಸಿನ್ಸಿನಾಟಿಯ ಒಂದು ಪ್ರಸಾರ ಕಂಪನಿಯ ಒಡೆತನದಲ್ಲಿತ್ತು.

ನಿಲ್ದಾಣ ತೆರೆದದ್ದು 1933ರ ಮಾರ್ಚ್‌ನಲ್ಲಿ. ಗ್ಲೆನ್‌ವಿಲ್ ಹುಡುಗರ ಖಳನಾಯಕ ಅಚ್ಚಾದ ಎರಡೇ ತಿಂಗಳ ನಂತರ. ದಿನಕ್ಕೆ 216 ರೈಲು ಬಂದುಹೋಗುವಂತೆ ಕಟ್ಟಿದ ಈ ನಿಲ್ದಾಣಕ್ಕೆ ಕಾರು, ವಿಮಾನಗಳಿಂದ ಕುತ್ತು ಬಂತು. 1972ರಲ್ಲಿ ರೈಲು ಪೂರಾ ನಿಂತೇಹೋಯಿತು. ಹಾಳುಸುರಿಯುತ್ತಿದ್ದ ಕಟ್ಟಡ ಮರುವರ್ಷವೇ ಕಾರ್ಟೂನಿನಲ್ಲಿ ಅತಿಮಾನವರ ಮನೆಯಾಯಿತು! 1990ರಿಂದ ಇಲ್ಲಿ ವಸ್ತುಸಂಗ್ರಹಾಲಯಗಳಿವೆ, 1991ರಲ್ಲಿ ರೈಲೂ ಮರಳಿತು. ಒಳಗೆ ಕಾಲಿಟ್ಟರೆ ವಿನೊಲ್ಡ್ ರೈಸ್ ಎಂಬ ಕಲಾವಿದ ಬಣ್ಣದ ಗಾಜಿನ ಚೂರುಗಳಿಂದ ರಚಿಸಿದ ಭಾರಿ ಭಿತ್ತಿಚಿತ್ರಗಳು. ಅವುಗಳಲ್ಲಿರುವುದು ರಾಜರಲ್ಲ, ದುಡಿಯುವ ಜನ. 2019ರಿಂದ ಯೆಹೂದಿಗಳ ನರಮೇಧವನ್ನು ನೆನಪಿಸುವ ಕೇಂದ್ರವೂ ಇಲ್ಲಿದೆ. ಹಿಟ್ಲರನ ಯೂರೋಪಿನಿಂದ ಬದುಕುಳಿದು ಬಂದ ಅನೇಕರು ಸಿನ್ಸಿನಾಟಿಗೆ ಇಳಿದದ್ದು ಇದೇ ನಿಲ್ದಾಣದಲ್ಲಿ. ನ್ಯಾಯದ ಸಭಾಂಗಣವೆಂಬ ಹೆಸರಿಗೆ ಇದಕ್ಕಿಂತ ದೊಡ್ಡ ಅರ್ಥ ಬೇಕೆ?

ಆ ಕಾರ್ಟೂನಿನ ಮೊದಲ ವರ್ಷದ ಖಳರ ಕಥೆಯೂ ಸ್ವಾರಸ್ಯವಾದದ್ದು. ಮಕ್ಕಳ ಟಿ.ವಿ.ಯಲ್ಲಿ ಹೊಡೆದಾಟ ಹೆಚ್ಚಾಯಿತೆಂದು ಅಮೆರಿಕದ ತಾಯಂದಿರು ಸಂಘ ಕಟ್ಟಿ ಹೋರಾಡುತ್ತಿದ್ದ ಕಾಲವದು. ಹಾಗಾಗಿ ಆ ಕಥೆಗಳಲ್ಲಿ ಗುದ್ದಾಟವಿಲ್ಲ. ಬರುವ ಖಳರೂ ದುಷ್ಟರಲ್ಲ, ಒಳ್ಳೆಯದನ್ನೇ ಮಾಡಹೊರಟು ದಾರಿ ತಪ್ಪಿದವರು. ಕೊನೆಯಲ್ಲಿ ಅವರಿಗೆ ತಿಳಿಹೇಳಿದರೆ ಸಾಕು. ತಾಯಂದಿರಿಗೆ ಸಮಾಧಾನವಾಯಿತು, ಮಕ್ಕಳಿಗೆ ಸಪ್ಪೆಯೆನಿಸಿತು. ಯಕ್ಷಗಾನದಲ್ಲಿ ಬಣ್ಣದ ವೇಷ ಅಬ್ಬರಿಸುತ್ತ ರಂಗಕ್ಕೆ ಬರುವವರೆಗೆ ಮಕ್ಕಳು ಕಣ್ಣುಜ್ಜಿಕೊಂಡು ಕಾಯುವುದಿಲ್ಲವೆ, ಹಾಗೆ! 1978ರಲ್ಲಿ ಲೂಥರ್‌ನ ಮುಂದಾಳತ್ವದಲ್ಲಿ 13 ಮಂದಿ ಕೇಡಿಗರ ದಂಡು ಬಂದಾಗ ಕಾರ್ಟೂನಿಗೆ ಜೀವ ತುಂಬಿತು.

ಎರಡು ದಾರಿಗಳನ್ನೂ ಕೂಡಿಸಿದ್ದು 1992ರ ಬ್ಯಾಟ್‌ಮ್ಯಾನ್ ಕಾರ್ಟೂನ್ ಮಾಲಿಕೆ. ಫ್ಲೈಷರ್ ಚಿತ್ರಗಳ ನೆರಳು ಬೆಳಕನ್ನು ಕಂಡು ಕಲಿತ ಕಲಾವಿದರು ಕರಿಯ ಕಾಗದದ ಮೇಲೆ ದೃಶ್ಯಗಳನ್ನು ಬಿಡಿಸಿದರು. ಅದರಲ್ಲಿ ಮಿಸ್ಟರ್ ಫ್ರೀಜ್ ಎಂಬ ಖಳನಿಗೆ ಲೇಖಕ ಪಾಲ್ ಡೀನಿ ಒಂದು ದುಃಖವನ್ನು ಕೊಟ್ಟರು. ಕಾಯಿಲೆಬಿದ್ದ ಹೆಂಡತಿಯನ್ನು ಉಳಿಸಲು ಹೆಣಗುತ್ತಿದ್ದ ವಿಜ್ಞಾನಿಯ ಪ್ರಯೋಗವನ್ನು, ಹಣ ಖರ್ಚಾಗುತ್ತದೆಂದು ಕಂಪನಿಯ ಯಜಮಾನ ನಿಲ್ಲಿಸಿಬಿಡುತ್ತಾನೆ. ವಿಜ್ಞಾನಿ ಸೇಡಿನ ಮನುಷ್ಯನಾಗುತ್ತಾನೆ. ಅವನ ನೋವು ನಿಜ, ಅವನು ಹಿಡಿದ ದಾರಿ ತಪ್ಪು. ಎರಡನ್ನೂ ಒಟ್ಟಿಗೆ ಗ್ರಹಿಸುವ ಶಕ್ತಿ ಮಕ್ಕಳಿಗಿದೆ ಎಂದು ಆ ಕಂತು ನಂಬಿತು. ಅದಕ್ಕೆ ಎಮ್ಮಿ ಪ್ರಶಸ್ತಿ ಬಂತು.

ಮೆಟ್ರೊಪೊಲಿಸ್: ಹೆಸರಿನ ಪುಣ್ಯ

ಸಿನ್ಸಿನಾಟಿಯಿಂದ ಒಹಾಯೊ ನದಿ ಪಶ್ಚಿಮಕ್ಕೆ ಹರಿದು ಮಿಸಿಸಿಪಿಯನ್ನು ಸೇರುತ್ತದೆ. ರಸ್ತೆಯಲ್ಲಿ ಸುಮಾರು 500 ಕಿಲೋಮೀಟರ್ ಸಾಗಿದರೆ, ಆ ಸಂಗಮಕ್ಕೆ ಸ್ವಲ್ಪ ಮೊದಲು, ಇಲಿನಾಯ್ ರಾಜ್ಯದ ತುದಿಯಲ್ಲಿ ಮೆಟ್ರೊಪೊಲಿಸ್ ಎಂಬ ಊರು. ಹೆಸರಿಗೆ ಮಹಾನಗರ, ಜನಸಂಖ್ಯೆ ಆರು ಸಾವಿರದ ಆಸುಪಾಸು. 1839ರಲ್ಲಿ ಸ್ಥಾಪನೆಯಾದ ಈ ಊರಿಗೂ ಜೆರ್ರಿ, ಜೋ ಅವರಿಗೂ ಯಾವ ಸಂಬಂಧವೂ ಇಲ್ಲ. ಕಥೆಯ ನಗರಕ್ಕೆ 1939ರಲ್ಲಿ ಬಂದ ಹೆಸರು ಇದಕ್ಕೂ ಇತ್ತು, ಅಷ್ಟೇ. ಅದಕ್ಕೂ ಮುಂಚೆ ಒಂದು ಕಥೆಯಲ್ಲಿ ಸೂಪರ್‌ಮ್ಯಾನ್‌ನ ಪತ್ರಿಕೆ ಕ್ಲೀವ್‌ಲ್ಯಾಂಡಿನದೆಂದೇ ಅಚ್ಚಾಗಿತ್ತು ಎಂಬುದನ್ನು ಈಗ ನೆನೆಯುವವರು ಕಡಿಮೆ.

ಹೆಸರಿನ ಪುಣ್ಯವನ್ನು ಈ ಊರಿನವರು ಬಿಡಲಿಲ್ಲ. 1972ರಲ್ಲಿ ಇಲಿನಾಯ್ ಶಾಸನಸಭೆ ಇದನ್ನು ಸೂಪರ್‌ಮ್ಯಾನ್‌ನ ತವರೂರೆಂದು ಘೋಷಿಸುವ ನಿರ್ಣಯ ಮಾಡಿತು. ಊರ ಪತ್ರಿಕೆಯ ಹೆಸರು ‘ಪ್ಲಾನೆಟ್’ ಎಂದಾಯಿತು. ಭಾರಿ ವಿಹಾರಧಾಮವೊಂದನ್ನು ಕಟ್ಟುವ ಕನಸು ಪೆಟ್ರೋಲ್ ಬಿಕ್ಕಟ್ಟಿನ ವರ್ಷಗಳಲ್ಲಿ ಕಮರಿತು. 1986ರಲ್ಲಿ ಏಳು ಅಡಿಯ ಫೈಬರ್‌ಗ್ಲಾಸ್ ಮೂರ್ತಿ ಬಂತು. ಉಕ್ಕಿನ ಮನುಷ್ಯ ಗುಂಡಿಗೆ ಜಗ್ಗುವುದಿಲ್ಲವೆಂಬುದು ನಿಜವೇ ಎಂದು ಪರೀಕ್ಷಿಸಲು ಕೆಲವರು ಅದಕ್ಕೆ ಗುಂಡು ಹಾರಿಸಿ ತೂತು ಮಾಡಿದರೆಂಬ ಮಾತು ಊರಿನಲ್ಲಿದೆ! ಜನರೇ ಹಣ ಕೂಡಿಸಿ 1993ರಲ್ಲಿ ನಿಲ್ಲಿಸಿದ 15 ಅಡಿ ಎತ್ತರದ ಕಂಚಿನ ಮೂರ್ತಿ ಇಂದು ನ್ಯಾಯಾಲಯದ ಕಟ್ಟಡದ ಎದುರು ಸೊಂಟಕ್ಕೆ ಕೈಕೊಟ್ಟು ನಿಂತಿದೆ. ಪ್ರತಿ ಜೂನ್‌ನಲ್ಲಿ ನಡೆಯುವ ಉತ್ಸವಕ್ಕೆ ಸಾವಿರಾರು ಜನ ಬರುತ್ತಾರೆ. ತೊಟ್ಟಿಲ ಮಗುವಿನಿಂದ ಅಜ್ಜನವರೆಗೆ ಎಲ್ಲರ ಹೆಗಲಿಗೂ ಅಂದು ಕೆಂಪು ಹೊದಿಕೆ. ಲೂಥರ್‌ನ ವೇಷ ಹಾಕುವವರಿಗೂ ಬರವಿಲ್ಲ.

ಯಾವ ನಂಟೂ ಇಲ್ಲದ ಊರು ಮೂರ್ತಿ ನಿಲ್ಲಿಸಿತು. ನಿಜವಾದ ತವರು ಬಹುಕಾಲ ಸುಮ್ಮನಿತ್ತು. ಜೋ 1992ರಲ್ಲಿ, ಜೆರ್ರಿ 1996ರಲ್ಲಿ ತೀರಿಕೊಂಡಾಗ ಕ್ಲೀವ್‌ಲ್ಯಾಂಡಿನಲ್ಲಿ ಹೇಳಿಕೊಳ್ಳುವಂಥ ಸ್ಮಾರಕವಿರಲಿಲ್ಲ.

ಮತ್ತೆ ಕ್ಲೀವ್‌ಲ್ಯಾಂಡ್

ಆ ಕೊರತೆ ಈಗ ತುಂಬಿದೆ. ಭಾರತದಿಂದ ಹೋಗುವವರು ನ್ಯೂಯಾರ್ಕ್ ಅಥವಾ ಷಿಕಾಗೊದಲ್ಲಿ ವಿಮಾನ ಬದಲಿಸಿ ಕ್ಲೀವ್‌ಲ್ಯಾಂಡಿಗೆ ಬರಬಹುದು. ಸರೋವರದ ಹಿಮ ಸುರಿಯುವ ಚಳಿಗಾಲ ಬಿಟ್ಟು ಮೇಯಿಂದ ಅಕ್ಟೋಬರ್‌ವರೆಗಿನ ದಿನಗಳು ಸುತ್ತಾಟಕ್ಕೆ ಹಿತ. ಹಿಂದಿರುಗುವ ಮುನ್ನ ನಗರದ ನಡುವೆ, ಸಮ್ಮೇಳನ ಕೇಂದ್ರದ ಸಮೀಪ, 2025ರ ಆಗಸ್ಟ್‌ನಲ್ಲಿ ಅನಾವರಣಗೊಂಡ ಸ್ಮಾರಕವನ್ನು ನೋಡಬೇಕು. ಎತ್ತರದ ಕಂಬದ ತುದಿಯಲ್ಲಿ ಶಿಲ್ಪಿ ಡೇವಿಡ್ ಡೆಮಿಂಗ್ ರೂಪಿಸಿದ ತುಕ್ಕುಹಿಡಿಯದ ಉಕ್ಕಿನ ಸೂಪರ್‌ಮ್ಯಾನ್ ಆಕಾಶಕ್ಕೆ ಜಿಗಿದಿದ್ದಾನೆ.

ಕೆಳಗೆ, ನೆಲದ ಮೇಲೆ, ಮೂರು ಕಂಚಿನ ಮೂರ್ತಿಗಳು: ಜೆರ್ರಿ, ಜೋ ಮತ್ತು ಜೋಆನ್. ಆಳೆತ್ತರದ ಸಾಮಾನ್ಯ ಮನುಷ್ಯರು. ಮಕ್ಕಳು ಓಡಿ ಬಂದವರೇ ತಲೆಯೆತ್ತಿ ಮೇಲೆ ನೋಡುತ್ತಾರೆ. ಜೊತೆಗೆ ಬಂದ ಅಪ್ಪ ಅಮ್ಮಂದಿರು ಒಂದು ಕ್ಷಣ ಅವರ ಭುಜ ಹಿಡಿದು, ಕೆಳಗಿರುವ ಮೂವರ ಹೆಸರನ್ನೂ ಓದಿಸಿದರೆ ಪ್ರವಾಸ ಸಾರ್ಥಕ.